ಗಾಳಿ ನಿಂತ ಗಂಟೆಗಳು

ಮಿನೊಹಾಮಾ ಊರಿನ ಮಾಲಿನ್ಯ ಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ, ಮೂಲೆಯ ಕೋಣೆಯಿಂದ ಬೆಳಗಿನಿಂದ ಸಂಜೆಯವರೆಗೂ ಟಕಟಕ ಸದ್ದು ಕೇಳುತ್ತಿತ್ತು. ಅದು ಮುರಾಜಿ ಕಿನುಯೊ ಕೂರುವ ಕೋಣೆ. ಕಂಪ್ಯೂಟರಿಗೆ ಉಣಿಸಬೇಕಾದ ಅಂಕಿಗಳನ್ನು ರಟ್ಟಿನ ಕಾರ್ಡುಗಳ ಮೇಲೆ ತೂತುಗಳಾಗಿ ಕೊರೆಯುವುದು ಅವಳ ಕೆಲಸ. ಬಂದರಿನ ಗಾಳಿಮಾಪಕ ಗಂಟೆಗೊಮ್ಮೆ ದಿಕ್ಕು, ವೇಗ ಬರೆದಿಡುತ್ತಿತ್ತು. ಗಂಟೆಗೊಂದು ಕಾರ್ಡು. ವರ್ಷಕ್ಕೆ ಎಂಟು ಸಾವಿರದ ಏಳುನೂರ ಅರವತ್ತು. ಒಂದು ತೂತು ತಪ್ಪಿದರೂ ಅವಳ ಬೆರಳಿಗೆ ಮೊದಲು ಗೊತ್ತಾಗುತ್ತಿತ್ತು, ಕಣ್ಣಿಗೆ ಆಮೇಲೆ.

ಆಗ ಅವಳಿಗೆ ಮೂವತ್ತೊಂಬತ್ತು. ಹುಟ್ಟಿದ್ದು ಎದುರಿನ ದ್ವೀಪದಲ್ಲಿ, ಕಡಲಪಾಚಿ ಒಣಗಿಸಿ ಮಾರುವ ಮನೆಯಲ್ಲಿ. ಹತ್ತು ವರ್ಷದವಳಿದ್ದಾಗಲೇ ಚಳಿಗಾಲದ ಬೆಳಗಿನಲ್ಲಿ ಬಿದಿರಿನ ಚಾಪೆಗಳ ಮೇಲೆ ಪಾಚಿಯನ್ನು ಹಾಳೆಯಂತೆ ತೆಳ್ಳಗೆ ಹರಡುತ್ತಿದ್ದಳು. ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ, ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ತಿಳಿಯದಿದ್ದರೆ ಮಧ್ಯಾಹ್ನಕ್ಕೆ ಹಾಳೆಯ ಬದಲು ಮುದ್ದೆ ಕೈಗೆ ಬರುತ್ತದೆ. ಹಾಗೆ ಮುದ್ದೆಯಾದ ದಿನ ಅಪ್ಪ ಬೈಯುತ್ತಿರಲಿಲ್ಲ, ಅದನ್ನೇ ಸಾರಿಗೆ ಹಾಕಿಸಿ ಮನೆಮಂದಿಗೆಲ್ಲ ಉಣ್ಣಿಸುತ್ತಿದ್ದ. ಬೈಗುಳಕ್ಕಿಂತ ಅದು ಚೆನ್ನಾಗಿ ನಾಟುತ್ತಿತ್ತು.

ಆಮೇಲೆ ಈಚೆ ದಡದಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಬಂತು, ಅದರ ಬೆನ್ನಿಗೆ ವಿದ್ಯುತ್ ಸ್ಥಾವರ. ಪಾಚಿಗೆ ಎಣ್ಣೆಯ ವಾಸನೆ ಹತ್ತಿತು. ಪಾಚಿ ಬೆಳೆಸುವ ಬಲೆಗಳನ್ನು ಅಪ್ಪ ಸುತ್ತಿಟ್ಟ. ಕಿನುಯೊ ಮೂರು ತಿಂಗಳ ತರಬೇತಿ ಪಡೆದು ಕಾರ್ಡು ಕೊರೆಯುವ ಕೆಲಸಕ್ಕೆ ಸೇರಿದಳು. ದೋಣಿ ಸೇವೆಯಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ ತಾತ್ಸುಜೊನನ್ನು ಮದುವೆಯಾಗಿ, ಕಾಮಿಯಾ ಎಂಬ ಬೆಟ್ಟದ ಮಡಿಲಿನ ಕೇರಿಗೆ ಸೊಸೆಯಾಗಿ ಬಂದಳು.

ಆ ವರ್ಷ ವಸಂತದಲ್ಲಿ ಕಾರ್ಖಾನೆಯವರು ಇನ್ನೆರಡು ಘಟಕ ಕಟ್ಟಲು ಅನುಮತಿ ಕೇಳಿದರು. ಹಳೆಯ ಗಿಡ್ಡ ಚಿಮಣಿಗಳನ್ನೆಲ್ಲ ಕೆಡವಿ ನೂರೆಂಬತ್ತು ಮೀಟರಿನ ಒಂದೇ ಚಿಮಣಿ ಎತ್ತುತ್ತೇವೆ, ಹೊಗೆ ಊರಿನ ತಲೆಯ ಮೇಲಿಂದಲೇ ಹಾರಿ ಹೋಗುತ್ತದೆ ಎಂಬುದು ಅವರ ಮಾತು. ನಿಜವೋ ಸುಳ್ಳೋ ಲೆಕ್ಕ ಹಾಕಿ ಹೇಳಿ ಎಂದು ಸರ್ಕಾರ ಈ ಶೋಧನಾ ಕೇಂದ್ರಕ್ಕೆ ಒಪ್ಪಿಸಿತು. ಲೆಕ್ಕ ಕಟ್ಟಿದವನು ತೊಕುನಾಗಾ. ರಾಜಧಾನಿಯಲ್ಲಿ ಓದಿ ಬಂದ ಎಂಜಿನಿಯರು, ಮೂವತ್ತು ತುಂಬಿರಲಿಲ್ಲ. ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು.

ಗುರುವಾರ ಗುರುವಾರ ಕಾರ್ಡುಗಳ ಪೆಟ್ಟಿಗೆ ಸರ್ಕಾರಿ ಕಂಪ್ಯೂಟರಿಗೆ ಹೋಗಿ, ಶುಕ್ರವಾರ ಉದ್ದನೆಯ ಕಾಗದವಾಗಿ ವಾಪಸು ಬರುತ್ತಿತ್ತು. ಊರಿನ ನಕ್ಷೆಯ ತುಂಬ ಅಂಕಿಗಳು. ದೊಡ್ಡ ಅಂಕಿ ಇದ್ದಲ್ಲಿ ಗಂಧಕದ ಹೊಗೆ ಹೆಚ್ಚು, ಸಣ್ಣದಿದ್ದಲ್ಲಿ ಕಡಿಮೆ. ಮೇ ತಿಂಗಳ ಒಂದು ಶುಕ್ರವಾರ ಆ ಕಾಗದವನ್ನು ಮೇಜಿನ ಮೇಲೆ ಹರಡುವಾಗ ಕಿನುಯೊ ಕಾಮಿಯಾದ ಮೇಲೆ ಬೆರಳಿಟ್ಟಳು. ಅಲ್ಲಿ ಮೂರು ಎಂದಿತ್ತು. ಇಡೀ ಊರಿನಲ್ಲೇ ಅತಿ ಸಣ್ಣ ಅಂಕಿ.

ಅವಳಿಗೆ ನಗು ತಡೆಯಲಾಗಲಿಲ್ಲ.

"ಏನಾಯ್ತು ಮುರಾಜಿ-ಸಾನ್?" ಎಂದ ತೊಕುನಾಗಾ.

"ಏನಿಲ್ಲ. ನಿಮ್ ಕಂಪ್ಯೂಟರ್ ಒಂದ್ಸಲ ನಮ್ಮನೇಗೆ ಊಟಕ್ ಬರ್ಬೇಕು. ನಮ್ಮತ್ತೆ ಕೆಮ್ಮೋದು ಕೇಳಿದ್ರೆ ಈ ಮೂರು ಅನ್ನೋದನ್ನ ಅದೇ ಅಳಿಸ್ಕೊಳ್ಳತ್ತೆ."

"ಕೆಮ್ಮನ್ನ ಕಾರ್ಡಲ್ಲಿ ಕೊರಿಯೋಕಾಗಲ್ವಲ್ಲ. ವಯಸ್ಸಾದವ್ರು, ಚಳಿ ಇರ್ಬಹುದು, ಧೂಳಿರ್ಬಹುದು. ಅಂಕಿ ಇದ್ರೆ ತನ್ನಿ, ನೋಡೋಣ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ಅವಳಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು. ಅತ್ತೆ ಇತೊಗೆ ಎಪ್ಪತ್ತಾರು. ಬೆಳಿಗ್ಗೆ ಮೂಲಂಗಿ ಉಪ್ಪಿನಕಾಯಿಯ ಜಾಡಿ ಎತ್ತಿಡುವಷ್ಟು ಗಟ್ಟಿ. ಸಂಜೆ ಆರು ದಾಟಿದ್ದೇ ಗೋಡೆಗೊರಗಿ ಕೂತು, ಎರಡೂ ಕೈಯಲ್ಲಿ ಎದೆ ಹಿಡಿದು ಕೆಮ್ಮಲು ಶುರು ಮಾಡುತ್ತಿದ್ದಳು. ಚಳಿಯಾಗಲಿ ಧೂಳಾಗಲಿ ಗಡಿಯಾರ ನೋಡಿಕೊಂಡು ಬರುವುದಿಲ್ಲ.

ಅಂಕಿ ತನ್ನಿ ಎಂದನಲ್ಲ, ಸರಿ ಎಂದು ಕಿನುಯೊ ಅಂಕಿಯನ್ನೇ ಹುಡುಕತೊಡಗಿದಳು. ನಕ್ಷೆಯ ಕೊನೆಯಲ್ಲಿ ಯಾರೂ ಓದದ ಒಂದು ಸಾಲು ಅಚ್ಚಾಗಿತ್ತು: ಲೆಕ್ಕಕ್ಕೆ ಬಂದ ಗಂಟೆಗಳು, ಆರು ಸಾವಿರದ ಆರುನೂರ ಹದಿನಾಲ್ಕು. ಅವಳು ಎರಡು ಸಲ ಓದಿದಳು. ತಾನು ಕೊರೆದ ಕಾರ್ಡುಗಳು ಎಷ್ಟೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಎರಡು ಸಾವಿರದ ನೂರ ನಲವತ್ತಾರು ಗಂಟೆಗಳು ಎಲ್ಲಿ ಹೋದವು?

ಲೆಕ್ಕದ ಸೂತ್ರಗಳ ಕಾರ್ಡುಗಳನ್ನು ಕೊರೆದವಳೂ ಅವಳೇ. ಅರ್ಥವಾಗದೆ ಕೊರೆದಿದ್ದನ್ನು ಈಗ ಒಂದೊಂದಾಗಿ ಓದಿದಳು. ಊಟದ ಬಿಡುವಿನಲ್ಲಿ ಅನ್ನದ ಉಂಡೆ ಒಂದು ಕೈಯಲ್ಲಿ, ಕಾರ್ಡು ಇನ್ನೊಂದು ಕೈಯಲ್ಲಿ. ನಾಲ್ಕನೇ ದಿನ ಸಿಕ್ಕಿತು. ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಇದ್ದರೆ ಆ ಗಂಟೆ ಬಿಡು, ಮುಂದಿನದಕ್ಕೆ ಹೋಗು ಎಂದು ಒಂದೇ ಒಂದು ಸಾಲು.

ಗಾಳಿ ನಿಂತ ಗಂಟೆಗಳು. ಊರಿನ ಮುಂದಿರುವ ಸೆಟೊ ಒಳಗಡಲಿನ ದಡದವರು ಅದಕ್ಕೆ ನಗಿ ಎನ್ನುತ್ತಾರೆ. ಕನ್ನಡದ ಕಿವಿಗೆ ನಗುವಿನ ಹಾಗೆ ಕೇಳಿಸೀತು, ಆದರೆ ಬೇಸಿಗೆಯ ಸಂಜೆ ಅಲ್ಲಿ ಯಾರೂ ನಗುವುದಿಲ್ಲ. ಕಡಲ ಗಾಳಿ ಸತ್ತು, ಬೆಟ್ಟದ ಗಾಳಿ ಇನ್ನೂ ಹುಟ್ಟದ ಹೊತ್ತು ಅದು. ಎಲೆ ಅಲುಗುವುದಿಲ್ಲ, ಬೆವರು ಆರುವುದಿಲ್ಲ.

ಆ ಸಾಲನ್ನು ತೋರಿಸಿದಾಗ ತೊಕುನಾಗಾ ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ.

"ಅದಾ? ಅದು ಬೇಕಂತಲೇ ಹಾಕಿದ್ದು. ಸೂತ್ರದಲ್ಲಿ ಗಾಳೀ ವೇಗದಿಂದ ಭಾಗಿಸ್ಬೇಕು. ವೇಗ ಸೊನ್ನೆ ಆದ್ರೆ ಸೊನ್ನೆಯಿಂದ ಭಾಗಿಸ್ದಂಗಾಗತ್ತೆ. ಉತ್ತರಾನೇ ಇರಲ್ಲ. ಎಲ್ಲಾ ಕಡೆ ಹೀಗೇ ಮಾಡ್ತಾರೆ."

"ಎಲ್ಲಾ ಕಡೆ ನಗಿ ಇರತ್ತಾ?"

ಅವನು ಕಾರ್ಡು ಕೈಗೆ ತೆಗೆದುಕೊಂಡು ಆ ಸಾಲನ್ನು ಮತ್ತೆ ಓದಿದ.

"ಒಂದ್ ನಿಮಿಷ ನನ್ ಕೋಣೆಗ್ ಬನ್ನಿ," ಎಂದಳು ಕಿನುಯೊ.

ಬಿಟ್ಟುಹೋದ ಆ ಎರಡು ಸಾವಿರ ಚಿಲ್ಲರೆ ಕಾರ್ಡುಗಳನ್ನು ಅವಳು ವಿಂಗಡಿಸುವ ಯಂತ್ರದಲ್ಲಿ ಓಡಿಸಿ, ಗಂಟೆಗೊಂದರಂತೆ ಇಪ್ಪತ್ನಾಲ್ಕು ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ನಡುಹಗಲಿನ ಕಟ್ಟುಗಳು ಬಿಸ್ಕತ್ತಿನಷ್ಟು ತೆಳು. ಬೆಳಗಿನ ಏಳು, ಎಂಟರ ಕಟ್ಟುಗಳು ಒಂದಿಷ್ಟು ದಪ್ಪ. ಸಂಜೆ ಆರು, ಏಳು, ಎಂಟು, ಒಂಬತ್ತರವು ನಾಲ್ಕು ಇಟ್ಟಿಗೆಗಳ ಹಾಗೆ ನಿಂತಿದ್ದವು. ಆ ನಾಲ್ಕರಲ್ಲೇ ಎಂಟುನೂರ ಎಪ್ಪತ್ತೊಂದು ಕಾರ್ಡು.

"ಅಂಕಿ ಕೇಳಿದ್ರಲ್ಲ," ಎಂದಳು. "ನಮ್ಮತ್ತೆ ಕೆಮ್ಮೋ ಹೊತ್ತೂ ಇದೇ."

ತೊಕುನಾಗಾ ಬಗ್ಗಿ ಏಳರ ಕಟ್ಟನ್ನು ಎತ್ತಿಕೊಂಡ. ರಬ್ಬರ್ ಬ್ಯಾಂಡ್ ತೆಗೆದು ಕಾರ್ಡುಗಳನ್ನು ಒಂದೊಂದಾಗಿ ನೋಡಿದ. ಅವನ ಕಿವಿ ಕೆಂಪಾದದ್ದನ್ನು ಕಿನುಯೊ ಕಂಡಳು, ಕಂಡೂ ಕಾಣದವಳಂತೆ ಕಿಟಕಿ ಕಡೆ ತಿರುಗಿದಳು. ಕೊನೆಗೆ ಅವನು, "ಇವತ್ ಸಂಜೆ ನಿಮ್ ಕೇರಿಗ್ ಬರ್ಲಾ?" ಎಂದ.

ಬಂದ. ಜಗಲಿಯ ಮೇಲೆ ತಾತ್ಸುಜೊ ಅವನನ್ನು ಕೂರಿಸಿ, ತಣ್ಣಗಿನ ಬಾರ್ಲಿ ಚಹಾ ಕೊಟ್ಟ.

"ಹೊಗೇಗೆ ದಾರಿ ಹೇಳೋರು ನೀವೇನಾ?" ಎಂದ. "ನಾನೂ ದೋಣಿಗ್ ದಾರಿ ಹೇಳ್ತೀನಿ. ಆದ್ರೆ ನಾನು ದೋಣೀ ಮೇಲ್ ನಿಂತ್ಕೊಂಡ್ ಹೇಳ್ತೀನಿ."

"ಸುಮ್ನಿರ್ರೀ," ಎಂದಳು ಕಿನುಯೊ.

ಕಾಮಿಯಾ ಬೆಟ್ಟದ ಮೈಯಲ್ಲಿ ಎತ್ತರದಲ್ಲಿತ್ತು. ಜಗಲಿಯಿಂದ ನೋಡಿದರೆ ಕಾರ್ಖಾನೆಯ ಚಿಮಣಿಗಳ ಬಾಯಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ. ಆರೂವರೆಗೆ ಹೊಗೆ ಇನ್ನೂ ಕಡಲಿನ ಕಡೆಯಿಂದ ಓರೆಯಾಗಿ ಹರಿಯುತ್ತಿತ್ತು. ಏಳಕ್ಕೆ ನೆಟ್ಟಗಾಯಿತು. ಆಮೇಲೆ ತಲೆ ಅಗಲಿಸಿ ಕೊಡೆಯಾಯಿತು. ಒಂದು ಕೊಡೆ ಇನ್ನೊಂದಕ್ಕೆ ತಾಗಿ, ಹಿಂದಿನ ಬೆಟ್ಟ ದಾಟಲಾರದೆ, ಕಾಮಿಯಾದ ಮಡಿಲಿಗೆ ನಿಧಾನವಾಗಿ ಇಳಿಯಿತು. ಒಳಗಿನಿಂದ ಇತೊಳ ಕೆಮ್ಮು ಕೇಳಿಸಿತು. ತೊಕುನಾಗಾನ ಕಣ್ಣಲ್ಲೂ ನೀರು.

ಅತ್ತೆ ಒಳಗಿಂದಲೇ ಕೇಳಿದಳು, "ಕಿನು, ಆ ಹುಡ್ಗನ್ ಊಟ ಆಯ್ತಾ?"

"ಇಲ್ಲ ಅತ್ತೆ, ಅವ್ರು ಹೊಗೆ ನೋಡ್ತಿದಾರೆ."

"ಹೊಗೆ ಎಲ್ಲೂ ಹೋಗಲ್ಲ. ಮೀನು ಆರ್ಹೋಗತ್ತೆ. ಕರಿ ಅವನ್ನ."

ಉಣ್ಣುತ್ತ ತೊಕುನಾಗಾ ಒಂದೇ ಸಮನೆ ಪ್ರಶ್ನೆ ಕೇಳಿದ. ನಗಿ ಎಷ್ಟು ಹೊತ್ತು ಇರುತ್ತದೆ, ಬಿಡುವಾಗ ಗಾಳಿ ಮೊದಲು ಎಲ್ಲಿಂದ ಬರುತ್ತದೆ, ಮೋಡವಿದ್ದರೆ ಹೇಗೆ, ಹಿಂದಿನ ದಿನ ಮಳೆಯಾಗಿದ್ದರೆ ಹೇಗೆ. ಕಿನುಯೊ ಪಾಚಿ ಒಣಗಿಸುವವರಿಗೆ ಗೊತ್ತಿರುವುದನ್ನೆಲ್ಲ ಹೇಳಿದಳು. ಅವನು ಊಟದ ಕಡ್ಡಿ ಕೆಳಗಿಟ್ಟು ಬರೆದುಕೊಂಡ.

ಮುಂದಿನ ಎರಡು ತಿಂಗಳು ಆ ಮೂಲೆಯ ಕೋಣೆಯಲ್ಲಿ ಸದ್ದು ನಿಲ್ಲಲಿಲ್ಲ. ಹಳೆಯ ಲೆಕ್ಕ ಹೊಗೆಯನ್ನು ಗಾಳಿಯಲ್ಲಿ ಎಳೆದ ಲಾಡಿ ಎಂದು ಎಣಿಸುತ್ತಿತ್ತು. ಎಳೆಯುವ ಗಾಳಿಯೇ ಇಲ್ಲದಾಗ ಲಾಡಿ ಎಲ್ಲಿಂದ ಬರಬೇಕು? ಗಾಳಿ ನಿಂತ ಹೊತ್ತಿಗೆಂದು ತೊಕುನಾಗಾ ಬೇರೆ ಲೆಕ್ಕ ಕಟ್ಟಿದ. ಚಿಮಣಿ ಹೊತ್ತು ಹೊತ್ತಿಗೆ ಒಂದೊಂದು ಉಂಡೆ ಉಗುಳುತ್ತದೆ, ಉಂಡೆ ನಿಂತಲ್ಲೇ ನೆನೆದ ಅಕ್ಕಿಯ ಹಾಗೆ ಉಬ್ಬುತ್ತದೆ, ಪಕ್ಕದ ಉಂಡೆಯೊಳಗೆ ಬೆರೆಯುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲೇ ರಾಶಿ ಬೀಳುತ್ತದೆ. ಸೂತ್ರ ಅವನದು. ಎಲ್ಲಿ ರಾಶಿ ಬೀಳುತ್ತದೆಂದು ಬೆಟ್ಟದ ಮಡಿಕೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಟ್ಟವಳು ಅವಳು. ಆಗಸ್ಟಿನ ಒಂದು ಶುಕ್ರವಾರ ಕಾಗದ ಬಂದಾಗ, ಸಂಜೆಯ ಕಾಮಿಯಾದ ಮೇಲೆ ಮೂರರ ಬದಲು ಮೂವತ್ತೊಂದು ಎಂದಿತ್ತು. ಎತ್ತರದ ಚಿಮಣಿ ಬಂದರೂ ಇಪ್ಪತ್ತಾರು.

ಕೇಂದ್ರದ ಮುಖ್ಯಸ್ಥ ನಿಶಿಗಾಕಿ ನಿವೃತ್ತಿಗೆ ಹತ್ತಿರವಾಗಿದ್ದವರು, ಮಾತಿಗಿಂತ ಮೊದಲು ಕನ್ನಡಕ ಒರೆಸುವವರು. ಕಾಗದವನ್ನು ಪೂರಾ ನೋಡಿ, ಕನ್ನಡಕ ಒರೆಸಿದರು.

"ಮೇ ತಿಂಗಳಲ್ಲಿ ಮೂರು ಅಂದ್ರಿ. ಈಗ ಮೂವತ್ತೊಂದು ಅಂತೀರಿ. ಕಾರ್ಖಾನೆಯವ್ರು ಏನಂತಾರೆ ಗೊತ್ತಾ? ಬೇಕಾದ್ ಉತ್ತರಕ್ಕೆ ಬೇಕಾದ್ ಲೆಕ್ಕ ಹೊಲಿಸ್ಕೊಂಡ್ ಬಂದಿದಾರೆ ಅಂತಾರೆ."

"ಹಾಗಾದ್ರೆ ಮುಂಚೇನೇ ಹೇಳ್ಬಿಡೋಣ," ಎಂದಳು ಕಿನುಯೊ. ಬಾಗಿಲ ಬಳಿ ನಿಂತಿದ್ದವಳು ಮಾತಾಡಿದ್ದಕ್ಕೆ ಇಬ್ಬರೂ ತಿರುಗಿದರು. "ನಡೆದದ್ದಕ್ಕೆ ಲೆಕ್ಕ ಹೊಂದ್ಸೋದ್ ಬೇಡ. ಬೆಳಿಗ್ಗೇನೇ ಇವತ್ ಸಂಜೆ ಇಷ್ಟು ಅಂತ ಬರ್ದು ಲಕೋಟೆಗ್ ಹಾಕಿ, ಅವ್ರ ಕೈಗೇ ಕೊಡೋಣ. ಮಾರನೇ ದಿನ ಅವ್ರೇ ಒಡೆದು ನೋಡ್ಲಿ."

ನಿಶಿಗಾಕಿ ಅವಳನ್ನೇ ನೋಡಿದರು. "ತಪ್ಪಾದ್ರೆ?"

"ತಪ್ಪು ಅಂತ ಬರ್ಕೊಳ್ಳೋಣ."

ಸೆಪ್ಟೆಂಬರಿನ ಹತ್ತು ಸಂಜೆಗಳು ಗೊತ್ತಾದವು. ಕಾಮಿಯಾ ಶಾಲೆಯ ಅಂಗಳದಲ್ಲಿ ಹೊಗೆ ಅಳೆಯುವ ಯಂತ್ರ ಕೂತಿತು. ಕಾರ್ಖಾನೆಯ ಪರವಾಗಿ ಕುಸಾಕಾಬೆ ಎಂಬ ಹಿರಿಯ ಎಂಜಿನಿಯರು ಬಂದ. ಒಣಕಲು ಮನುಷ್ಯ, ನಗುವುದು ಅಪರೂಪ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಲಕೋಟೆ ತೆಗೆದುಕೊಂಡು, ಅಂಟಿನ ಮೇಲೆ ತನ್ನ ಮುದ್ರೆ ಒತ್ತಿ, ಅಂಗಿಯ ಒಳಜೇಬಿಗೆ ಹಾಕಿಕೊಳ್ಳುತ್ತಿದ್ದ.

ಲೆಕ್ಕಕ್ಕೆ ಆ ಸಂಜೆಯ ಗಾಳಿ ಬೇಕು, ಅದು ಇನ್ನೂ ಬೀಸಿರಲಿಲ್ಲ. ಹವಾಮಾನ ಕಚೇರಿಯವರು ಇಡೀ ಕರಾವಳಿಗೆ ಒಂದೇ ಮಾತು ಹೇಳುತ್ತಿದ್ದರು. ಆದ್ದರಿಂದ ಕಿನುಯೊ ಬೆಳಿಗ್ಗೆ ಎಂಟಕ್ಕೆ ಬಂದರಿನ ಕಟ್ಟೆಯ ಮೇಲೆ ನಿಂತು, ಕಡಲು ನೋಡಿ, ಆಕಾಶ ನೋಡಿ, "ಏಳಕ್ಕೆ ಹತ್ತು ನಿಮಿಷ ಇದ್ದಂಗೆ ಬರತ್ತೆ, ಒಂಬತ್ತೂವರೆಗೆ ಬಿಡತ್ತೆ," ಎಂದು ಹೇಳುವಳು. ದಿನ ದಿನ ಕಂಪ್ಯೂಟರಿಗೆ ಕಳಿಸಲು ಆಗುತ್ತಿರಲಿಲ್ಲ. ಮೊದಲೇ ಹಾಕಿಸಿಟ್ಟ ನೂರಾರು ಲೆಕ್ಕಗಳಲ್ಲಿ ಅದಕ್ಕೆ ಹೊಂದುವುದನ್ನು ತೊಕುನಾಗಾ ಹುಡುಕಿ ತೆಗೆಯುವನು.

ಮೊದಲ ನಾಲ್ಕು ಸಂಜೆ ಲಕೋಟೆಯ ಅಂಕಿಗೂ ಯಂತ್ರದ ಅಂಕಿಗೂ ಕೂದಲೆಳೆಯ ವ್ಯತ್ಯಾಸ. ಐದನೆಯದು ನೆಲ ಕಚ್ಚಿತು. ಲಕೋಟೆಯಲ್ಲಿ ಇಪ್ಪತ್ತೆಂಟು, ಯಂತ್ರದಲ್ಲಿ ಎರಡು. ಆ ಸಂಜೆ ಗಾಳಿ ನಿಲ್ಲಲೇ ಇಲ್ಲ. ಕುಸಾಕಾಬೆ ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಹೋದ.

ಅಂದು ಕಿನುಯೊ ಮನೆಯಲ್ಲಿ ಅನ್ನ ಸೀದಿಸಿದಳು.

"ಬೆಳಿಗ್ಗೆ ನೀರಲ್ಲಿ ಉದ್ದನೆ ಅಲೆ ಇತ್ತಲ್ಲ," ಎಂದ ತಾತ್ಸುಜೊ, ಸೀದ ಪದರ ಬಿಡಿಸುತ್ತ. "ದಕ್ಷಿಣದಲ್ಲೆಲ್ಲೋ ಬಿರುಗಾಳಿ ಎದ್ದಿದೆ. ಅಂಥಾ ದಿನ ನಗಿ ಎಲ್ ಬರತ್ತೆ?"

ಕಿನುಯೊ ಬಟ್ಟಲು ಕೆಳಗಿಟ್ಟಳು. "ಗೊತ್ತಿದ್ರೆ ಯಾಕ್ ಹೇಳ್ಲಿಲ್ಲ?"

"ಕೇಳಿದ್ಯಾ? ನೀವೆಲ್ಲ ಕಂಪ್ಯೂಟರ್ ಮಂದಿ. ನಾನು ದೋಣಿಯವ್ನು."

"ನಾಳೆಯಿಂದ ಕೇಳ್ತೀನಿ. ಏಳೂವರೆಗೆ ದ್ವೀಪದ ಕಟ್ಟೆ ಹತ್ರ ಫೋನ್ ಪಕ್ಕದಲ್ಲೇ ಇರಿ."

"ಸಂಬಳ ಇದ್ಯಾ?"

"ಸೀದಿರೋ ಅನ್ನ ಇದೆ," ಎಂದಳು ಅತ್ತೆ.

ಮರುದಿನದಿಂದ ಕಡಲ ಅಲೆಯ ಮಾತೂ ಲೆಕ್ಕಕ್ಕೆ ಸೇರಿತು. ಉಳಿದ ಐದರಲ್ಲಿ ನಾಲ್ಕು ಸರಿ ಬಂದವು. ಒಂಬತ್ತನೆಯದು ಸ್ವಲ್ಪ ಜಾರಿತು. ಅಂದು ಅವರು ಹೇಳಿದ್ದಕ್ಕಿಂತ ಕಾಮಿಯಾದ ಹೊಗೆಯೇ ಹೆಚ್ಚಿತ್ತು.

ಅಕ್ಟೋಬರಿನಲ್ಲಿ ಊರಿನ ಸಭಾಭವನದಲ್ಲಿ ಅಹವಾಲು ಕೇಳುವ ಸಭೆ ನಡೆಯಿತು. ಇನ್ನೂರು ಕುರ್ಚಿ ತುಂಬಿ ಜನ ಗೋಡೆಗೊರಗಿ ನಿಂತರು. ಕಾರ್ಖಾನೆಯ ನಿರ್ದೇಶಕ ವರ್ಷದ ಸರಾಸರಿಯ ನಕ್ಷೆ ತೋರಿಸಿ, ಎತ್ತರದ ಚಿಮಣಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅರ್ಧ ಗಂಟೆ ಮಾತಾಡಿದ. ಆಮೇಲೆ ತೊಕುನಾಗಾ ಎದ್ದ. ಸೂತ್ರದಿಂದ ಶುರು ಮಾಡಿದ. ಐದು ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಬೀಸಣಿಗೆಗಳು ಆಡತೊಡಗಿದವು. ನಿಶಿಗಾಕಿ ಅವನ ತೋಳು ಮುಟ್ಟಿ, "ಮುರಾಜಿ-ಸಾನ್ ಹೇಳ್ಲಿ," ಎಂದರು.

ಕಿನುಯೊ ಸಿದ್ಧವಾಗಿ ಬಂದಿರಲಿಲ್ಲ. ಆದರೆ ಹೇಳಬೇಕಾದ್ದು ಅವಳಿಗೆ ಬಾಯಿಪಾಠವಾಗಿತ್ತು, ಬೆರಳಿಗೂ ಪಾಠವಾಗಿತ್ತು. ಎದ್ದು ನಿಂತಳು.

"ವರ್ಷದಲ್ಲಿ ಎಂಟು ಸಾವಿರದ ಏಳುನೂರ ಅರವತ್ತು ಗಂಟೆ. ಮೊದಲನೇ ಲೆಕ್ಕದಲ್ಲಿ ನಾವು ಅದ್ರಲ್ಲಿ ಎರಡು ಸಾವಿರದ ನೂರ ನಲವತ್ತಾರನ್ನ ಬಿಟ್ಬಿಟ್ಟಿದ್ವಿ. ಗಾಳಿ ಇಲ್ಲ, ಲೆಕ್ಕ ಬರಲ್ಲ ಅಂತ ಬಿಟ್ವಿ. ತಪ್ಪು ನಮ್ದು. ಈಗ ನಿರ್ದೇಶಕರು ತೋರಿಸಿದ ನಕ್ಷೇಲೂ ಆ ಗಂಟೆಗಳಿಲ್ಲ. ಆ ಗಂಟೆಗಳಲ್ಲಿ ಚಿಮಣಿ ಎಷ್ಟು ಎತ್ತರ ಅನ್ನೋದಕ್ಕಿಂತ, ಒಲೆಗೆ ಯಾವ ಎಣ್ಣೆ ಹಾಕಿದಾರೆ ಅನ್ನೋದು ಮುಖ್ಯ. ಹೊಗೆ ಹೋಗೋಕೆ ದಾರಿ ಇರಲ್ಲ. ಹೊರಟಿದ್ದೇ ಕಡಿಮೆ ಇರ್ಬೇಕು."

"ಕೇಂದ್ರದಲ್ಲಿ ತಮ್ಮ ಹುದ್ದೆ ಏನು?" ಎಂದ ನಿರ್ದೇಶಕ, ಬಹಳ ಮರ್ಯಾದೆಯಿಂದ.

"ಕಾರ್ಡು ಕೊರಿಯೋದು."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕ ತಲೆಬಾಗಿಸಿ, "ಎಂಜಿನಿಯರುಗಳು ಯಾರಾದ್ರೂ ಇದನ್ನ ಪರೀಕ್ಷೆ ಮಾಡಿದಾರಾ ಅಂತ ಕೇಳ್ಬಹುದಾ?" ಎಂದ.

ಆಗ ಅವನ ಪಕ್ಕದಲ್ಲೇ ಕೂತಿದ್ದ ಕುಸಾಕಾಬೆ ಎದ್ದ. ಒಳಜೇಬಿನಿಂದ ಪುಸ್ತಕ ತೆಗೆದ.

"ನಾನ್ ಮಾಡಿದೀನಿ," ಎಂದ. "ಹತ್ತು ಲಕೋಟೆ, ಹತ್ತಕ್ಕೂ ನನ್ನ ಮುದ್ರೆ. ಎಂಟು ಸರಿ. ಒಂದು ಪೂರಾ ತಪ್ಪು. ಇನ್ನೊಂದ್ರಲ್ಲಿ ಅವ್ರು ನಮ್ಮ ಹೊಗೇನ ಇದ್ದಿದ್ದಕ್ಕಿಂತ ಕಡಿಮೆ ಅಂದಿದ್ರು. ನಮ್ಮಲ್ಲಿರೋ ಯಾವ ಲೆಕ್ಕಾನೂ ಇಷ್ಟು ಸರಿಯಾಗಿ ಮುಂಚೆ ಹೇಳಿಲ್ಲ." ಹತ್ತೂ ದಿನದ ಅಂಕಿಗಳನ್ನು ಒಂದೊಂದಾಗಿ ಓದಿ ಕೂತ. ನಿರ್ದೇಶಕ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅನುಮತಿ ಸಿಕ್ಕಿತು, ಷರತ್ತಿನ ಮೇಲೆ. ಎರಡು ಘಟಕದ ಬದಲು ಒಂದು. ಎತ್ತರದ ಚಿಮಣಿಯೂ ಬೇಕು. ಜೊತೆಗೆ, ಸಂಜೆ ನಗಿ ಬರುತ್ತದೆಂದು ಕೇಂದ್ರ ತಿಳಿಸಿದ ದಿನ, ನಾಲ್ಕು ಗಂಟೆಯಿಂದಲೇ ಗಂಧಕ ಕಡಿಮೆ ಇರುವ ಎಣ್ಣೆ ಉರಿಸಬೇಕು. ತಿಳಿಸುವ ಕೆಲಸ ಕಿನುಯೊಳ ಪಾಲಿಗೆ ಬಂತು. ಬೆಳಿಗ್ಗೆ ಹತ್ತಕ್ಕೆ ಅವಳು ಫೋನ್ ಎತ್ತುವಳು. ಆಚೆ ಕಡೆ ಹೆಚ್ಚಾಗಿ ಕುಸಾಕಾಬೆಯೇ.

"ಇವತ್ತು ಏಳಕ್ಕೆ ಬರತ್ತೆ. ಕಾಮಿಯಾಗೆ ಇಪ್ಪತ್ನಾಲ್ಕು."

"ಸರಿ. ನಾಲ್ಕಕ್ಕೆ ಎಣ್ಣೆ ಬದಲಾಯಿಸ್ತೀವಿ."

"ಮೂರೂವರೆಗ್ ಬದಲಾಯಿಸಿ. ಇವತ್ತು ಬೇಗ ಬರೋ ಹಾಗಿದೆ."

"ಇದನ್ನ ಲೆಕ್ಕ ಹೇಳತ್ತಾ, ನೀವ್ ಹೇಳ್ತೀರಾ?"

"ಇಬ್ರೂ."

ಅವನು ಬರೆದುಕೊಳ್ಳುತ್ತ, "ಮೂರೂವರೆ," ಎನ್ನುವನು.

ಎರಡನೇ ಬೇಸಿಗೆಗೆ ಕೇರಿಯ ಹೆಂಗಸರು ಒಗೆದ ಬಟ್ಟೆಯನ್ನು ಸಂಜೆಯೂ ಹೊರಗೇ ಬಿಡತೊಡಗಿದರು. ಅದನ್ನು ಯಾರೂ ಸುದ್ದಿ ಮಾಡಲಿಲ್ಲ. ಇತೊಳ ಕೆಮ್ಮು ಪೂರ್ತಿ ಹೋಗಲಿಲ್ಲ. ಹತ್ತು ವರ್ಷ ಕೂಡಿಟ್ಟ ಹೊಗೆ ಎದೆಯಿಂದ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಸಂಜೆಯ ಊಟವನ್ನು ಕೂತು ಮುಗಿಸುವಷ್ಟಾದಳು. ಎಂಬತ್ತನಾಲ್ಕರವರೆಗೆ ಬದುಕಿ, ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಮೂಲಂಗಿ ತೊಳೆಯುತ್ತಿದ್ದಾಗ ಹೋದಳು.

ತೊಕುನಾಗಾ ರಾಜಧಾನಿಗೆ ವಾಪಸು ಹೋಗಿ ದೊಡ್ಡವನಾದ. ತಾನು ಬರೆದ ವರದಿಯ ಮೊದಲ ಪುಟದಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಕಿನುಯೊಳ ಹೆಸರು ಹಾಕಿದ್ದ. ಅವಳ ಹುದ್ದೆ ಎಂಜಿನಿಯರಿನದಾಗಲಿಲ್ಲ. ಕಾರ್ಡು ಕೊರೆಯುವವಳು ಎಂಬುದು ಹೋಗಿ ಮುನ್ಸೂಚನೆ ಸಹಾಯಕಿ ಎಂದಾಯಿತು, ಅಷ್ಟೆ. ಅದಕ್ಕೆ ಅವಳು ಕೊರಗಿದ್ದನ್ನು ಕಂಡವರಿಲ್ಲ. ತನ್ನ ಮಾತಿಗೆ ಒಂದು ಕಾರ್ಖಾನೆ ಒಲೆಯ ಎಣ್ಣೆ ಬದಲಾಯಿಸುತ್ತದೆ, ಹುದ್ದೆ ತಗೊಂಡು ಏನ್ ಮಾಡ್ಲಿ ಎಂದು ಒಮ್ಮೆ ನಿಶಿಗಾಕಿಯವರ ಬೀಳ್ಕೊಡುಗೆಯಲ್ಲಿ ಹೇಳಿದಳಂತೆ.

ಕಾರ್ಖಾನೆಯವರು ಕೊನೆಗೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರವನ್ನೇ ಕೂರಿಸಿದ ಮೇಲೆ, ಒಂದು ಸೆಪ್ಟೆಂಬರು ಪೂರ್ತಿ ಅವಳು ಫೋನ್ ಎತ್ತುವ ಪ್ರಮೇಯವೇ ಬರಲಿಲ್ಲ. ತಾತ್ಸುಜೊ ಕೆಣಕಿದ:

"ಹೊಗೆ ಮುಗೀತು. ಇನ್ನೇನ್ ಕೆಲ್ಸ ನಿಂಗೆ?"

"ಹೊಸ ಹೆದ್ದಾರಿ ಆಗಿದ್ಯಲ್ಲ," ಎಂದಳು ಕಿನುಯೊ. "ಲಾರಿಗಳು ಸಾಲುಗಟ್ಟಿ ಸುರಂಗದ ಬಾಯಲ್ಲಿ ನಿಂತ್ಕೊಳ್ತವೆ. ಅಲ್ಲೇ ಹಿಂದೆ ಶಿಶುವಿಹಾರ ಇದೆ. ಗಂಟೆಗೆ ಎಷ್ಟು ಲಾರಿ ಅಂತ ಯಾರೂ ಎಣಿಸಿಲ್ಲ."

ಸೋಮವಾರ ಬೆಳಿಗ್ಗೆ ಅವಳು ಅನ್ನದ ಉಂಡೆ ಕಟ್ಟಿಕೊಂಡು, ಮಡಚುವ ಕುರ್ಚಿ ಕಂಕುಳಲ್ಲಿ ಇಟ್ಟುಕೊಂಡು, ಲಾರಿ ಎಣಿಸಲು ಸುರಂಗದ ಬಳಿಗೆ ಹೊರಟಳು.